ಅವ್ವನ ನೋವಿಗೆ ಸೂಜಿ ಹಾಕಿಸಲೇ?

ಪ್ರಶ್ನೆ: ನಾನು ಯಾದಗಿರಿ ಜಿಲ್ಲೆ ಶಹಾಪುರ ತಾಲ್ಲೂಕಿನವಳು. ನಮ್ಮ ಅವ್ವಗೆ 58 ವರ್ಷ. ಮೂರು ವರ್ಷದ ಹಿಂದೆ ಬಲ ಎದೆಯ ಕ್ಯಾನ್ಸರ್‌ಗೆ ಆಪರೇಷನ್ ಆಯಿತು. ಕೀಮೋ ಆಯಿತು, ಕರೆಂಟೂ (ರೇಡಿಯೇಶನ್) ಕೊಟ್ಟರು. ಈಗ ದಿನಾ ಲೆಟ್ರೋಜೋಲ್ ಗುಳಿಗೆ ತಗೋತಾಳೆ. ಬೆಳಿಗ್ಗೆ ಎದ್ದರೆ ಕೈಬೆರಳು, ಮೊಣಕಾಲು ಬಿಗಿದಿರುತ್ತವೆ. ಕೀಮೋ ಆದಾಗಿನಿಂದ ಅಂಗಾಲು ಉರಿ, ಜುಮುಜುಮು. ಬಲಗೈ ಊದಿಕೊಂಡು ಭಾರ ಆಗಿದೆ. ಎರಡು ತಿಂಗಳಿಂದ ಟೊಂಕ ನೋವು ಶುರುವಾಗಿದೆ, ರಾತ್ರಿ ಜಾಸ್ತಿ. ಸ್ಕ್ಯಾನ್ ಮಾಡಿಸಿದರೆ ಕೆಳಬೆನ್ನಿನ ಎಲುಬಿಗೆ, ಬಲ ಚಪ್ಪೆಯ ಎಲುಬಿಗೆ ಹರಡಿದೆ ಅಂದರು. ಟ್ರಮಡಾಲ್ ಎಂಬ ನೋವಿನ ಗುಳಿಗೆ ಸಾಲುತ್ತಿಲ್ಲ. ಡಾಕ್ಟರು ಮತ್ತೆ ಕರೆಂಟು ಕೊಡಿಸೋಣ, ಮಾರ್ಫಿನ್ ಶುರು ಮಾಡೋಣ ಅಂತಾರೆ. ಅಣ್ಣ ಮಾರ್ಫಿನ್ ಅಂದರೆ ಅಫೀಮು, ಚಟ ಹತ್ತುತ್ತದೆ, ಅದು ಕೊನೆಗಾಲದ ಔಷಧ ಅಂತಾನೆ. ಸೋದರಮಾವ ಕಲಬುರಗಿಯಲ್ಲಿ ಒಬ್ಬರು ಅಕ್ಯುಪಂಕ್ಚರ್ ಮಾಡುತ್ತಾರೆ, ಹತ್ತು ಸಲ ಸೂಜಿ ಹಾಕಿಸಿದರೆ ನೋವೆಲ್ಲ ಹೋಗುತ್ತದೆ ಅಂತಾರೆ. ಆದರೆ ಅಲ್ಲಿಗೆ ಹೋಗುವ ಮೊದಲು ಎಲ್ಲ ಗುಳಿಗೆ ಬಿಡಬೇಕಂತೆ. ಪಕ್ಕದ ಮನೆಯವರು ಸೂಜಿ ಚುಚ್ಚಿದರೆ ಕ್ಯಾನ್ಸರ್ ಕೆರಳಿ ಹರಡುತ್ತದೆ ಅಂತ ಹೆದರಿಸಿದ್ದಾರೆ. ಏನು ಮಾಡಬೇಕು ತಿಳಿಯುತ್ತಿಲ್ಲ.

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಮನೆಯವರೆಲ್ಲ ಸೂಜಿಯೋ ಮಾರ್ಫಿನ್ನೋ ಎಂದು ವಾದ ಮಾಡುತ್ತಿದ್ದೀರಿ. ಆದರೆ ನಿಮ್ಮ ಅವ್ವನಿಗೆ ಇರುವುದು ಒಂದು ನೋವಲ್ಲ. ನಾನು ಎಣಿಸಿದೆ, ನಾಲ್ಕಿವೆ. ಬೆರಳು ಮತ್ತು ಮೊಣಕಾಲಿನ ಬಿಗಿತ ಒಂದು. ಅಂಗಾಲಿನ ಉರಿ ಇನ್ನೊಂದು. ಊದಿದ ಕೈಯ ಭಾರ ಮೂರನೆಯದು. ಟೊಂಕದ ನೋವು ನಾಲ್ಕನೆಯದು. ನಾಲ್ಕಕ್ಕೂ ಕಾರಣ ಬೇರೆ ಬೇರೆ. ಸೂಜಿ ಒಂದಕ್ಕೆ ಚೆನ್ನಾಗಿಯೇ ಕೆಲಸ ಮಾಡಬಹುದು, ಇನ್ನೊಂದಕ್ಕೆ ಸ್ವಲ್ಪ. ಮೂರನೆಯದಕ್ಕೆ ಅದರ ಗೊಡವೆ ಬೇಡ. ನಾಲ್ಕನೆಯದಕ್ಕೆ ಸೂಜಿ ನಂಬಿ ಕೂತರೆ ಅವ್ವ ನಡೆಯುವುದೇ ನಿಂತುಹೋಗಬಹುದು.

ಮೊದಲು ಪಕ್ಕದ ಮನೆಯವರ ಮಾತು ಮುಗಿಸೋಣ. ಅಕ್ಯುಪಂಕ್ಚರ್ ಸೂಜಿಯಿಂದ ಕ್ಯಾನ್ಸರ್ ಹರಡುವುದಿಲ್ಲ. ಆ ಸೂಜಿ ಇಂಜೆಕ್ಷನ್ ಸೂಜಿಯಂತೆ ಟೊಳ್ಳಲ್ಲ, ಗಟ್ಟಿ ತಂತಿ. ದಪ್ಪ ಸುಮಾರು ಕಾಲು ಮಿಲಿಮೀಟರ್. ಅದರಲ್ಲಿ ಔಷಧ ಇರುವುದಿಲ್ಲ. ಗಡ್ಡೆ ಇರುವ ಜಾಗಕ್ಕೆ, ಗಾಯಕ್ಕೆ, ಕರೆಂಟು ಕೊಟ್ಟು ಸುಟ್ಟಂತಾದ ಚರ್ಮಕ್ಕೆ ಮಾತ್ರ ಚುಚ್ಚಬಾರದು. ಬಯಾಪ್ಸಿ, ಅಂದರೆ ಗಡ್ಡೆಯ ತುಣುಕು ತೆಗೆದು ಪರೀಕ್ಷೆ ಮಾಡಿಸಿದರೆ ರೋಗ ಕೆರಳುತ್ತದೆ ಎಂದು ನಮ್ಮ ಕಡೆ ಎಷ್ಟೋ ಜನ ಆರು ತಿಂಗಳು ಮನೆಯಲ್ಲೇ ಕೂತು, ಆಮೇಲೆ ದವಾಖಾನೆಗೆ ಬರುತ್ತಾರೆ. ಈ ಭಯವೂ ಅದೇ ಜಾತಿಯದು.

ಹಾಗಾದರೆ ಚುಚ್ಚಿದರೆ ನೋವು ಕಡಿಮೆ ಆಗುವುದು ಹೇಗೆ? ಚೀನಾದ ಹಳೆಯ ವಿವರಣೆಯಲ್ಲಿ ಮೈಯೊಳಗೆ ಹರಿಯುವ ಶಕ್ತಿ, ಅದರ ನಾಳಗಳು ಅಂತೆಲ್ಲ ಬರುತ್ತದೆ. ಅಂಥ ನಾಳಗಳನ್ನು ಕೊಯ್ದು ನೋಡಿ ಯಾರೂ ತೋರಿಸಿಲ್ಲ. ಆದರೆ ಸೂಜಿ ಚರ್ಮ, ಸ್ನಾಯುವಿನ ನರಗಳನ್ನು ಕೆಣಕುತ್ತದೆ. ಆ ಸುದ್ದಿ ಬೆನ್ನುಹುರಿಗೆ, ಮಿದುಳಿಗೆ ಹೋಗುತ್ತದೆ. ಆಗ ಮಿದುಳು ತನ್ನದೇ ನೋವುನಿವಾರಕವನ್ನು ಬಿಡುತ್ತದೆ. ಅದರ ಹೆಸರು ಎಂಡಾರ್ಫಿನ್, ಅಂದರೆ ನಮ್ಮ ಮೈಯೇ ಮಾಡಿಕೊಳ್ಳುವ ಮಾರ್ಫಿನ್ ಎಂದು ಅರ್ಥ. 1977ರ ಸುಮಾರಿಗೆ ಸಂಶೋಧಕರು ಒಂದು ಪರೀಕ್ಷೆ ಮಾಡಿದರು. ಸೂಜಿ ಹಾಕಿ ನೋವು ತಗ್ಗಿದವರಿಗೆ ನಲಾಕ್ಸೋನ್ ಎಂಬ ಔಷಧ ಕೊಟ್ಟರು. ಅದು ಮಾರ್ಫಿನ್ ಕೆಲಸವನ್ನು ತಡೆಯುವ ಔಷಧ. ಕೊಟ್ಟಾಗ ಸೂಜಿಯ ಪರಿಣಾಮವೂ ಇಳಿಯಿತು. ಮಾರ್ಫಿನ್‌ಗೆ ಹೆದರಿ ಸೂಜಿಯ ಕಡೆ ಓಡುವವರಿಗೆ ನಾನು ಈ ಕತೆ ಹೇಳುತ್ತೇನೆ. ಎರಡೂ ತಟ್ಟುವುದು ಮಿದುಳಿನ ಒಂದೇ ಬಾಗಿಲನ್ನು.

ಈ ವಿದ್ಯೆಗೂ ನಮ್ಮ ಕಡೆಗೂ ಒಂದು ದೂರದ ನಂಟಿದೆ. 1938ರಲ್ಲಿ ಭಾರತದಿಂದ ಐವರು ವೈದ್ಯರ ತಂಡ ಚೀನಾಕ್ಕೆ ಹೋಯಿತು. ಅದರಲ್ಲಿದ್ದ ದ್ವಾರಕಾನಾಥ ಕೋಟ್ನಿಸ್ ನಮ್ಮ ಪಕ್ಕದ ಸೊಲ್ಲಾಪುರದವರು, ಅಲ್ಲೇ ತೀರಿಕೊಂಡರು. ಅದೇ ತಂಡದ ಬಿಜಯ್ ಕುಮಾರ್ ಬಸು ವಾಪಸ್ ಬಂದರು. 1950ರ ದಶಕದ ಕೊನೆಗೆ ಮತ್ತೆ ಚೀನಾಕ್ಕೆ ಹೋಗಿ ಸೂಜಿ ಚಿಕಿತ್ಸೆ ಕಲಿತರು, ಕಲ್ಕತ್ತಾದಲ್ಲಿ ಶುರು ಮಾಡಿದರು. ಅವರು ಅಲೋಪತಿ ಓದಿದ ವೈದ್ಯರು, ಗುಳಿಗೆ ಬಿಡಿ ಅನ್ನುವ ಪಂಥದವರಲ್ಲ.

ಈಗ ನೋವುಗಳಿಗೆ ಬರೋಣ. ಬೆರಳು, ಮೊಣಕಾಲಿನ ಬಿಗಿತದಿಂದ ಶುರು ಮಾಡುತ್ತೇನೆ. ಸೂಜಿಯ ಪರ ನಾನು ಗಟ್ಟಿಯಾಗಿ ಮಾತಾಡಬಲ್ಲದ್ದು ಇಲ್ಲಿ ಮಾತ್ರ.

ಇದು ಸಾಮಾನ್ಯವಾಗಿ ಲೆಟ್ರೋಜೋಲ್ ಗುಳಿಗೆಯ ಅಡ್ಡ ಪರಿಣಾಮ. ಈ ಗುಳಿಗೆ ಮೈಯಲ್ಲಿ ಈಸ್ಟ್ರೋಜನ್ ತಯಾರಾಗುವುದನ್ನು ತಡೆಯುತ್ತದೆ. ಆ ಹಾರ್ಮೋನ್ ಸಿಗದಿದ್ದರೆ ಕ್ಯಾನ್ಸರ್ ಸೊರಗುತ್ತದೆ. ಜೊತೆಗೆ ಕೀಲುಗಳೂ ಒಣಗಿದಂತಾಗಿ ಹಿಡಿದುಕೊಳ್ಳುತ್ತವೆ. ಕೆಲವು ವರ್ಷದ ಹಿಂದೆ ಆಳಂದ ಕಡೆಯ ಒಬ್ಬ ತಾಯಿ ಇದೇ ತೊಂದರೆ ಹೇಳಿಕೊಂಡು ಬರುತ್ತಿದ್ದರು. ‘ಡಾಕ್ಟ್ರೇ, ಜೋಳದ ಹಿಟ್ಟು ನಾದಬಹುದು, ರೊಟ್ಟಿ ಬಡಿಯೋಕೆ ಆಗಲ್ಲ, ಸೊಸೆ ಬಡೀತಾಳೆ’ ಅನ್ನುತ್ತಿದ್ದರು. ಆ ಮಾತಿನಲ್ಲಿ ಬೆರಳಿನ ನೋವಿಗಿಂತ ಬೇರೆ ನೋವೇ ಜಾಸ್ತಿ ಇತ್ತು. ನಾನು ಗುಳಿಗೆ ಬದಲಿಸಿದೆ, ಪ್ಯಾರಾಸಿಟಮಾಲ್ ಕೊಟ್ಟೆ. ಅಷ್ಟಕ್ಕಷ್ಟೇ. ಎರಡು ತಿಂಗಳು ಬಿಟ್ಟು ಬಂದವರು ಕೈ ಬಿಚ್ಚಿ ಮಡಚಿ ತೋರಿಸಿದರು. ಮಗಳ ಊರಿನಲ್ಲಿ ಪ್ರಕೃತಿ ಚಿಕಿತ್ಸೆಯ ವೈದ್ಯರ ಹತ್ತಿರ ಸೂಜಿ ಹಾಕಿಸಿಕೊಂಡಿದ್ದರಂತೆ. ದಿನಕ್ಕೆ ನಾಲ್ಕು ರೊಟ್ಟಿ ಬಡಿಯುತ್ತೇನೆ ಅಂದರು. ನಾನು ಆಗ ಮನಸ್ಸಿನಲ್ಲೇ ನಕ್ಕೆ. ನಂಬಿಕೆಯಿಂದ ಆಗಿರಬೇಕು ಅಂದುಕೊಂಡೆ.

2018ರಲ್ಲಿ ಅಮೆರಿಕದ ಒಂದು ದೊಡ್ಡ ಅಧ್ಯಯನ ಹೊರಬಂತು. ಈ ಜಾತಿಯ ಗುಳಿಗೆಯಿಂದ ಕೀಲುನೋವು ಬಂದ 226 ಮಹಿಳೆಯರನ್ನು ಮೂರು ಗುಂಪು ಮಾಡಿದ್ದರು. ಒಂದು ಗುಂಪಿಗೆ ಸರಿಯಾದ ಅಕ್ಯುಪಂಕ್ಚರ್. ಇನ್ನೊಂದಕ್ಕೆ ನೆಪಕ್ಕೆ, ಅಂದರೆ ಸಂಬಂಧವಿಲ್ಲದ ಜಾಗದಲ್ಲಿ ಮೇಲಮೇಲೆ ಚುಚ್ಚಿದರು. ಮೂರನೆಯದಕ್ಕೆ ಏನೂ ಇಲ್ಲ. ಆರು ವಾರದ ನಂತರ ಹತ್ತರ ಅಳತೆಯಲ್ಲಿ ನೋವು ಮೊದಲ ಗುಂಪಿಗೆ ಎರಡು ಅಂಕ ಇಳಿದಿತ್ತು. ಉಳಿದ ಎರಡು ಗುಂಪಿಗೆ ಸುಮಾರು ಒಂದು ಅಂಕ. ಅಂದರೆ ಅರ್ಧ ಇಳಿತ ಏನೂ ಮಾಡದಿದ್ದರೂ ಆಗಿತ್ತು, ಇನ್ನರ್ಧ ಸೂಜಿಯದು. ಪವಾಡ ಏನೂ ಅಲ್ಲ, ಆದರೆ ಸುಳ್ಳೂ ಅಲ್ಲ. 2022ರಲ್ಲಿ ಅಮೆರಿಕದ ಕ್ಯಾನ್ಸರ್ ತಜ್ಞರ ಸಂಘ ಹೊರಡಿಸಿದ ಸಲಹೆಯಲ್ಲೂ ಈ ಕೀಲುನೋವಿಗೆ ಅಕ್ಯುಪಂಕ್ಚರ್ ಹೇಳಬಹುದು ಎಂದಿದೆ. ಆ ತಾಯಿ ಮತ್ತೆ ಬಂದಾಗ ನಾನು ನಕ್ಕಿದ್ದಕ್ಕೆ ಕ್ಷಮೆ ಕೇಳಿದೆ. ಅವರಿಗೆ ನಾನು ನಕ್ಕಿದ್ದೇ ಗೊತ್ತಿರಲಿಲ್ಲ, ಬಿಡಿ.

ಒಂದು ಮಾತು ಗಮನಿಸಿ. ಆ ಮಹಿಳೆಯರು ವಾರಕ್ಕೆ ಎರಡು ಸಲದಂತೆ ಆರು ವಾರ, ಆಮೇಲೆ ವಾರಕ್ಕೊಮ್ಮೆ ಇನ್ನಾರು ವಾರ ಸೂಜಿ ಹಾಕಿಸಿಕೊಂಡರು. ಒಟ್ಟು ಹದಿನೆಂಟು ಸಲ. ಅವರಿಗೆ ಗುಳಿಗೆ ಬಿಡಿ ಎಂದು ಯಾರೂ ಹೇಳಲಿಲ್ಲ, ಬಿಡಬಾರದು ಅಂತಲೇ ಆ ಅಧ್ಯಯನ ಮಾಡಿದ್ದು. ನಿಮ್ಮ ಮಾವ ಹೇಳಿದವರು ‘ಎಲ್ಲ ಗುಳಿಗೆ ಬಿಡಿ’ ಅನ್ನುತ್ತಾರಲ್ಲ, ಅದರಲ್ಲಿ ಒಂದು ಮೋಸ ಅಡಗಿದೆ. ಅವರಿಗೇ ಅದು ಗೊತ್ತಿರಲಿಕ್ಕಿಲ್ಲ. ಲೆಟ್ರೋಜೋಲ್ ಬಿಟ್ಟರೆ ಕೆಲವು ವಾರಗಳಲ್ಲಿ ಕೀಲುನೋವು ತಾನಾಗಿಯೇ ಇಳಿಯುತ್ತದೆ. ಹೆಸರು ಸೂಜಿಗೆ ಬರುತ್ತದೆ. ಒಳಗೆ ಕ್ಯಾನ್ಸರ್‌ಗೆ ಹಾಕಿದ ಹಗ್ಗ ಬಿಚ್ಚಿರುತ್ತದೆ.

ಅಂಗಾಲಿನ ಉರಿ ಬೇರೆ ಕತೆ. ಪ್ಯಾಕ್ಲಿಟ್ಯಾಕ್ಸೆಲ್‌ನಂಥ ಕೀಮೋ ಔಷಧಗಳು ನರದ ತುದಿಗಳನ್ನು ಕೆಡಿಸುತ್ತವೆ. ಉದ್ದದ ನರಗಳಿಗೆ ಪೆಟ್ಟು ಮೊದಲು, ಹಾಗಾಗಿ ಅಂಗಾಲಿನಿಂದಲೇ ಶುರು. ಇದಕ್ಕೆ ಸೂಜಿಯ ಮೇಲೆ ಸಣ್ಣ ಸಣ್ಣ ಅಧ್ಯಯನಗಳಿವೆ, ಕೆಲವರಿಗೆ ಉಪಶಮನ ಕಂಡಿದೆ. ನನ್ನ ರೋಗಿಗಳಲ್ಲೂ ಹಾಗೇ, ಆದರೆ ಆಗುತ್ತದೆ ಎಂದು ಮಾತು ಕೊಡಲಾರೆ. ಗುಳಿಗೆಗಳಲ್ಲಿ ಡುಲೊಕ್ಸೆಟಿನ್‌ಗೆ ಪುರಾವೆ ಇದೆ. ಅದು ಟ್ರಮಡಾಲ್ ಜೊತೆ ಕೂಡಿದರೆ ತೊಂದರೆ ಆಗಬಹುದು, ಅದಕ್ಕೆ ವೈದ್ಯರಿಗೆ ಎರಡನ್ನೂ ಹೇಳಿಯೇ ಶುರು ಮಾಡಬೇಕು. ನೆನಪಿಡಬೇಕಾದ ಅಪಾಯ ಇನ್ನೊಂದಿದೆ. ಕೆಲವರು ಸೂಜಿಯ ಜೊತೆ ಒಣ ಸೊಪ್ಪಿನ ಬತ್ತಿ ಉರಿಸಿ ಚರ್ಮಕ್ಕೆ ಶಾಖ ಕೊಡುತ್ತಾರೆ. ಜೋಮು ಹಿಡಿದ ಕಾಲಿಗೆ ಸುಟ್ಟದ್ದು ಗೊತ್ತಾಗುವುದಿಲ್ಲ. ಹಾಗೆ ಬೊಬ್ಬೆ ಎದ್ದು ಕೀವಾದ ಕಾಲುಗಳನ್ನು ನಾನು ನೋಡಿದ್ದೇನೆ. ನೋವಿಗೆ ಬರೆ ಹಾಕಿಸುವುದು ನಮ್ಮ ಹಳ್ಳಿಗಳಲ್ಲಿ ಇನ್ನೂ ನಿಂತಿಲ್ಲ, ಅದೂ ಬೇಡ. ಬ್ಯಾಸಗಿಯಲ್ಲಿ ಅಂಗಳದ ಶಹಾಬಾದಿ ಫರ್ಶಿ ಕಾದಿರುತ್ತದೆ. ಅವ್ವ ಬರಿಗಾಲಲ್ಲಿ ಓಡಾಡದಂತೆ ನೋಡಿಕೊಳ್ಳಿ. ಮನೆಯೊಳಗೂ ಮೆತ್ತನೆ ಚಪ್ಪಲಿ ಇರಲಿ.

ಊದಿದ ಬಲಗೈಗೆ ಸೂಜಿ ಬೇಡ. ಆಪರೇಷನ್‌ನಲ್ಲಿ ಕಂಕುಳಿನ ಗಂಟುಗಳನ್ನು ತೆಗೆದಿರುತ್ತಾರೆ. ಕೈಯಿಂದ ನೀರು ಹಿಂದಿರುಗುವ ದಾರಿ ಕಟ್ಟಿಹೋಗಿರುತ್ತದೆ. ಅಂಥ ಕೈಗೆ ಸಣ್ಣ ಗಾಯವಾದರೂ ಸೋಂಕು ಬೇಗ ಹಿಡಿಯುತ್ತದೆ. ರಕ್ತ ತೆಗೆಸುವುದು, ಬಿಪಿ ನೋಡಿಸುವುದು ಎಲ್ಲ ಎಡಗೈಗೇ ಇರಲಿ. ಬಿಗಿ ತೋಳುಪಟ್ಟಿ, ಕೈ ಎತ್ತಿಡುವುದು, ಫಿಸಿಯೋಥೆರಪಿಯವರು ಹೇಳುವ ವ್ಯಾಯಾಮ, ಇಷ್ಟು ಸಾಕು.

ಇನ್ನು ಟೊಂಕ. ನಿಮ್ಮ ಪತ್ರದಲ್ಲಿ ನನಗೆ ನಿದ್ದೆ ಕೆಡಿಸಿದ್ದು ಇದೇ.

ಎಲುಬಿಗೆ ಹೋದ ಕ್ಯಾನ್ಸರ್ ತಾನೇ ಎಲುಬು ತಿನ್ನುವುದಿಲ್ಲ. ಎಲುಬು ಕರಗಿಸುವ ಕಣಗಳು ನಮ್ಮ ಮೈಯಲ್ಲೇ ಇವೆ, ಅವನ್ನು ಎತ್ತಿಕಟ್ಟುತ್ತದೆ. ಹಳೆಯ ಮಾಳಿಗೆ ಮನೆಯ ತೊಲೆಗೆ ಗೆದ್ದಲು ಹತ್ತಿದಂತೆ ಅದು. ಹೊರಗೆ ನೆಟ್ಟಗೆ ಕಾಣುತ್ತದೆ, ಒಳಗೆ ಪುಡಿ. ಆ ತೊಲೆ ಬೆನ್ನುಹುರಿಯ ಪಕ್ಕದಲ್ಲಿದೆ. ಸೂಜಿ ಹಾಕಿದರೆ ಎರಡು ದಿನ ನೋವು ಮರೆಯಬಹುದು. ಗೆದ್ದಲು ನಿಲ್ಲುವುದಿಲ್ಲ. ಹಾಗಾಗಿ ಈ ನೋವಿಗೆ ಮೊದಲ ಮದ್ದು ಕರೆಂಟು, ಅಂದರೆ ರೇಡಿಯೇಶನ್. ಎಲುಬಿನ ನೋವಿಗೆ ಎಷ್ಟೋ ಸಲ 8 ಗ್ರೇ ಪ್ರಮಾಣವನ್ನು ಒಂದೇ ಸಲ ಕೊಟ್ಟರೆ ಸಾಕಾಗುತ್ತದೆ. ಎದೆಗೆ ಕೊಟ್ಟಾಗಿನಂತೆ ವಾರಗಟ್ಟಲೆ ಹೋಗಿ ಬರಬೇಕು ಎಂದೇನಿಲ್ಲ. ಹತ್ತರಲ್ಲಿ ಸುಮಾರು ಆರು ಜನಕ್ಕೆ ನೋವು ಇಳಿಯುತ್ತದೆ. ತಕ್ಷಣ ಅಲ್ಲ, ಎರಡರಿಂದ ನಾಲ್ಕು ವಾರ ಹಿಡಿಯುತ್ತದೆ. ಮೊದಲ ಒಂದೆರಡು ದಿನ ನೋವು ಹೆಚ್ಚಾಗಲೂಬಹುದು, ಅದಕ್ಕೆ ಹೆದರಬೇಡಿ. ಕರೆಂಟು ಕೆಲಸ ಶುರು ಮಾಡುವವರೆಗೆ ಅವ್ವ ನರಳದೆ ಇರಲಿ ಎಂದೇ ನಿಮ್ಮ ಡಾಕ್ಟರು ಮಾರ್ಫಿನ್ ಹೇಳಿದ್ದಾರೆ. ಕರೆಂಟು, ಮಾರ್ಫಿನ್ ಎರಡೂ ಜೋಡೆತ್ತು. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಯೋಜನೆಯಲ್ಲಿ ರೇಡಿಯೇಶನ್ ಸಿಗುತ್ತದೆ. ಕಲಬುರಗಿಯಲ್ಲೇ ಕಿದ್ವಾಯಿ ಸಂಸ್ಥೆಯ ಕೇಂದ್ರ ಇದೆ, ಮೊದಲು ಅಲ್ಲಿ ವಿಚಾರಿಸಿ.

ಟೊಂಕಕ್ಕೆ, ಚಪ್ಪೆಗೆ ಸೂಜಿ ಬೇಡ ಎನ್ನುವುದಕ್ಕಿಂತ ಜೋರಾಗಿ ಹೇಳಬೇಕಾದ್ದು ತಿಕ್ಕಿಸುವುದು ಬೇಡ ಎಂದು. ಎಲುಬು ಕೂಡಿಸುವವರ ಹತ್ತಿರ ಕರೆದೊಯ್ದು, ಮೊಣಕಾಲೂರಿ ಬೆನ್ನು ಒತ್ತಿಸಿ, ‘ಟಕ್ ಅಂತು, ಜಾರಿದ ಎಲುಬು ಕೂತಿತು’ ಎಂದು ಖುಷಿಪಟ್ಟವರಿದ್ದಾರೆ. ಆ ಟಕ್ ಏನೆಂದು ಎಕ್ಸ್‌ರೇಯಲ್ಲಿ ಕಂಡಾಗ ಮನೆಯವರ ಮುಖ ನೋಡಲು ಆಗುವುದಿಲ್ಲ.

ಇದನ್ನೊಂದು ಚೀಟಿಯಲ್ಲಿ ಬರೆದು ಗೋಡೆಗೆ ಅಂಟಿಸಿ: ಕಾಲಿನಲ್ಲಿ ಹೊಸದಾಗಿ ಶಕ್ತಿ ಕಡಿಮೆ ಆದರೆ, ನಡೆಯುವಾಗ ತೊಡರಿದರೆ, ಸೊಂಟದ ಕೆಳಗೆ ಸ್ಪರ್ಶ ಮಂಕಾದರೆ, ಮೂತ್ರ ಕಟ್ಟಿದರೆ ಅಥವಾ ತಿಳಿಯದೆ ಹೋದರೆ, ಅದೇ ದಿನ ದೊಡ್ಡ ದವಾಖಾನೆಗೆ ಹೋಗಬೇಕು. ನಾಳೆ ಅಮವಾಸ್ಯೆ, ನಾಡಿದ್ದು ಹೋಗೋಣ ಅನ್ನುವಂತಿಲ್ಲ. ಬೆನ್ನುಹುರಿ ಒತ್ತಿಹೋಗುತ್ತಿದೆ ಎಂದರ್ಥ. ನಡೆಯುತ್ತ ಬಂದವರನ್ನು ನಡೆಯುವಂತೆಯೇ ಉಳಿಸಿಕೊಳ್ಳಬಹುದು. ಎರಡು ದಿನ ತಡೆದು ಹೊತ್ತುಕೊಂಡು ಬಂದರೆ ಆ ಕಾಲು ಮತ್ತೆ ಏಳುವುದು ಅಪರೂಪ.

ಈಗ ನಿಮ್ಮ ಅಣ್ಣನ ಮಾತು. ಅವರು ಹೇಳಿದ್ದರಲ್ಲಿ ಒಂದು ನಿಜ ಇದೆ, ಮಾರ್ಫಿನ್ ಅಫೀಮಿನಿಂದಲೇ ಬರುತ್ತದೆ. ಉಳಿದ ಎರಡು ಸರಿಯಲ್ಲ. ನೋವಿಗೆ ಅಂತ ಅಳತೆಯಲ್ಲಿ, ಹೊತ್ತಿಗೆ ಸರಿಯಾಗಿ ತೆಗೆದುಕೊಂಡ ಕ್ಯಾನ್ಸರ್ ರೋಗಿಗೆ ಚಟ ಹತ್ತುವುದು ತೀರಾ ವಿರಳ. ಕರೆಂಟಿನಿಂದ ನೋವು ಇಳಿದ ಮೇಲೆ ‘ಡಾಕ್ಟ್ರೇ, ಇನ್ನು ಈ ಗುಳಿಗಿ ಯಾಕೆ’ ಎಂದು ರೋಗಿಗಳೇ ಕೇಳುತ್ತಾರೆ. ಆಗ ನಿಧಾನವಾಗಿ ಇಳಿಸಿ ನಿಲ್ಲಿಸುತ್ತೇವೆ. ಕೊನೆಗಾಲದ ಔಷಧ ಅನ್ನುವ ಮಾತು ಹುಟ್ಟಿದ್ದಕ್ಕೆ ನಾವು ವೈದ್ಯರೂ ಕಾರಣ. ಬಹಳ ದಿನ ಅದನ್ನು ಕೊನೆಗೇ ಕೊಡುತ್ತಿದ್ದೆವು, ಜನ ಹಾಗೆ ತಿಳಿದದ್ದರಲ್ಲಿ ತಪ್ಪಿಲ್ಲ. 1985ರ ಮಾದಕ ವಸ್ತು ಕಾಯ್ದೆ ಬಂದ ಮೇಲೆ ಪರವಾನಗಿಯ ರಗಳೆಗೆ ಹೆದರಿ ಎಷ್ಟೋ ದವಾಖಾನೆಗಳು ಮಾರ್ಫಿನ್ ಇಡುವುದನ್ನೇ ಬಿಟ್ಟವು. 2014ರಲ್ಲಿ ಕಾಯ್ದೆ ತಿದ್ದಿ ದಾರಿ ಸಲೀಸು ಮಾಡಿದ್ದಾರೆ. ಮಾನ್ಯತೆ ಪಡೆದ ದವಾಖಾನೆಗಳಲ್ಲಿ ಸಿಗುತ್ತದೆ. ಬೀದಿ ಬದಿಯ ಮೆಡಿಕಲ್‌ನಲ್ಲಿ ಸಿಗಲಿಲ್ಲ ಅಂದರೆ ಗಾಬರಿ ಬೇಡ, ಸಿಗಬಾರದು ಕೂಡ.

ಮಾರ್ಫಿನ್‌ಗೂ ತನ್ನ ಕಾಟಗಳಿವೆ, ಮುಚ್ಚಿಡುವುದಿಲ್ಲ. ಮಲಬದ್ಧತೆ ಗ್ಯಾರಂಟಿ. ಮೊದಲ ದಿನದಿಂದಲೇ ಅದಕ್ಕೂ ಗುಳಿಗೆ ಬೇಕು. ಸೋನಾಮುಖಿಯಿಂದ ಮಾಡಿದ್ದು ಸಾಮಾನ್ಯವಾಗಿ ಕೊಡುತ್ತೇವೆ. ಮೊದಲ ಎರಡು ಮೂರು ದಿನ ತೂಕಡಿಕೆ, ವಾಕರಿಕೆ ಇರಬಹುದು, ಆಮೇಲೆ ಹೋಗುತ್ತದೆ. ಎಬ್ಬಿಸಿದರೂ ಏಳದಂಥ ನಿದ್ದೆ ಬಂದರೆ, ಉಸಿರು ತೀರಾ ನಿಧಾನ ಆದರೆ ಕೂಡಲೇ ಕರೆದುಕೊಂಡು ಬನ್ನಿ. ಮೂತ್ರಪಿಂಡ ದುರ್ಬಲ ಇದ್ದವರಿಗೆ ಅಳತೆ ಕಡಿಮೆ ಮಾಡಬೇಕು. ಸಾಮಾನ್ಯ ಗುಳಿಗೆಯ ಪರಿಣಾಮ ನಾಲ್ಕು ತಾಸು. ಹಾಗಾಗಿ ನಾಲ್ಕು ತಾಸಿಗೊಮ್ಮೆ ಕೊಡಬೇಕು, ನೋವು ಬರಲಿ ಎಂದು ಕಾಯಬಾರದು. ಎಷ್ಟು ಅನ್ನುವುದನ್ನು ನಿಮ್ಮ ಡಾಕ್ಟರೇ ಹೇಳಲಿ. ಮತ್ತೆ ಅಂಗಡಿಯಿಂದ ಡೈಕ್ಲೋಫೆನಾಕ್ ಎಂಬ ನೋವಿನ ಗುಳಿಗೆ ತಂದು ನಡುನಡುವೆ ನುಂಗಿಸುತ್ತಿದ್ದರೆ ದಯವಿಟ್ಟು ನಿಲ್ಲಿಸಿ. ಜನ ಮಾರ್ಫಿನ್‌ಗೆ ಹೆದರುತ್ತಾರೆ. ಮೂತ್ರಪಿಂಡ, ಹೊಟ್ಟೆ ಎರಡನ್ನೂ ಹಾಳು ಮಾಡಬಲ್ಲ ಇದನ್ನು ಶೇಂಗಾ ತಿಂದಂತೆ ತಿನ್ನುತ್ತಾರೆ.

ಗುಳಿಗೆ ಬಿಡಿಸಿ ಸೂಜಿ ಹಾಕುವವರ ಬಗ್ಗೆ ನನಗೆ ಸಿಟ್ಟಿದೆ, ಅದಕ್ಕೆ ಕಾರಣ ಹೇಳಿಬಿಡುತ್ತೇನೆ. ಒಬ್ಬ ಹಿರಿಯರು ಮಾರ್ಫಿನ್ ಮೇಲೆ ಆರಾಮಾಗಿದ್ದರು, ಕಟ್ಟೆ ಮೇಲೆ ಕೂತು ಮಾತಾಡುತ್ತಿದ್ದರು. ಮಕ್ಕಳು ಒಂದು ಸೂಜಿ ಶಿಬಿರಕ್ಕೆ ಕರೆದೊಯ್ದರು. ಅಲ್ಲಿ ಒಂದೇ ದಿನಕ್ಕೆ ಎಲ್ಲ ಗುಳಿಗೆ ನಿಲ್ಲಿಸಿದರು. ಮಾರನೆ ದಿನ ಮೈ ಬೆವರು, ನಡುಕ, ಭೇದಿ, ಮೂಗು ಕಣ್ಣಲ್ಲಿ ನೀರು, ಮೇಲೆ ತಡೆಯಲಾರದ ನೋವು. ‘ಒಳಗಿನ ವಿಷ ಹೊರಗೆ ಬರುತ್ತಿದೆ, ಒಳ್ಳೆಯ ಲಕ್ಷಣ’ ಅಂದರಂತೆ. ಮೂರು ದಿನ ಹಾಗೇ ಇಟ್ಟರು. ಅದು ವಿಷ ಅಲ್ಲ. ಕೆಲವು ವಾರ ಮಾರ್ಫಿನ್ ತೆಗೆದುಕೊಂಡ ಯಾರಿಗಾದರೂ ಒಮ್ಮೆಲೇ ನಿಲ್ಲಿಸಿದರೆ ಹಾಗೇ ಆಗುತ್ತದೆ. ಟ್ರಮಡಾಲ್‌ಗೂ ಆಗುತ್ತದೆ, ನಿಮ್ಮ ಅವ್ವ ಈಗ ಅದರ ಮೇಲೇ ಇದ್ದಾರೆ. ಆ ಹಿರಿಯರನ್ನು ನಮ್ಮ ಹತ್ತಿರ ತಂದಾಗ ಮತ್ತೆ ಗುಳಿಗೆ ಕೊಟ್ಟು ಸರಿಮಾಡಿದೆವು. ಆದರೆ ಆ ಮೂರು ದಿನ ಅವರಿಗೆ ಯಾರು ವಾಪಸ್ ಕೊಡುತ್ತಾರೆ?

ಇಷ್ಟೆಲ್ಲ ಆದ ಮೇಲೂ ಬೆರಳು, ಮೊಣಕಾಲಿನ ನೋವಿಗೆ ಸೂಜಿ ಪ್ರಯತ್ನಿಸುತ್ತೇವೆ ಅಂದರೆ ನಾನು ಬೇಡ ಅನ್ನುವುದಿಲ್ಲ. ಯಾರ ಹತ್ತಿರ ಹೋಗುವುದು? 2019ರಲ್ಲಿ ಕೇಂದ್ರ ಆರೋಗ್ಯ ಇಲಾಖೆ ಅಕ್ಯುಪಂಕ್ಚರನ್ನು ಪ್ರತ್ಯೇಕ ಚಿಕಿತ್ಸಾ ಪದ್ಧತಿ ಎಂದು ಒಪ್ಪಿದೆ. ಮಹಾರಾಷ್ಟ್ರ ಇದಕ್ಕಾಗಿ 2015ರಲ್ಲೇ ಕಾಯ್ದೆ ಮಾಡಿತು. ನಮ್ಮಲ್ಲಿ ಪ್ರಕೃತಿ ಚಿಕಿತ್ಸೆಯ ಪದವಿ, ಅಂದರೆ ಬಿಎನ್‌ವೈಎಸ್ ಓದಿದ ವೈದ್ಯರಿಗೆ ಇದು ಪಾಠದಲ್ಲೇ ಇದೆ. ಅಂಥವರನ್ನು ಹುಡುಕಿ. ವಾರಾಂತ್ಯದ ತರಬೇತಿಯ ಸರ್ಟಿಫಿಕೇಟ್ ಗೋಡೆಗೆ ನೇತುಹಾಕಿದವರೂ ಊರತುಂಬ ಇದ್ದಾರೆ. ಹೋದಾಗ ಸೂಜಿಯ ಪೊಟ್ಟಣವನ್ನು ನಿಮ್ಮ ಕಣ್ಣೆದುರು ಒಡೆಯಬೇಕು, ಬಳಸಿದ್ದನ್ನು ಬಿಸಾಡಬೇಕು. ಒಬ್ಬರದು ಇನ್ನೊಬ್ಬರಿಗೆ ಹಾಕಿದರೆ ಕಾಮಾಲೆ ತರುವ ಹೆಪಟೈಟಿಸ್ ಬರಬಹುದು. ಆಮೇಲೆ ರಕ್ತದ ರಿಪೋರ್ಟ್ ಕೇಳುತ್ತಾರಾ ನೋಡಿ. ಪ್ಲೇಟ್ಲೆಟ್ 50,000ಕ್ಕಿಂತ ಕೆಳಗಿದ್ದರೆ, ಬಿಳಿ ರಕ್ತಕಣ ತೀರಾ ಇಳಿದಿದ್ದರೆ, ರಕ್ತ ತೆಳು ಮಾಡುವ ಗುಳಿಗೆ ಇದ್ದರೆ ಸೂಜಿ ಸದ್ಯಕ್ಕೆ ಬೇಡ. ಬಡಕಲು ಮೈಯವರಿಗೆ ಭುಜ, ಬೆನ್ನಿನ ಮೇಲ್ಭಾಗದಲ್ಲಿ ಆಳಕ್ಕೆ ಚುಚ್ಚಿದರೆ ಶ್ವಾಸಕೋಶಕ್ಕೆ ತೂತು ಬೀಳಬಹುದು. ಅಪರೂಪ, ಆದರೆ ಆಗಿದೆ. ಸ್ಕ್ಯಾನ್ ರಿಪೋರ್ಟ್ ತೆಗೆದುಕೊಂಡು ಹೋಗಿ. ಅದನ್ನು ತೆರೆದು ನೋಡದೆ ಪಕ್ಕಕ್ಕಿಟ್ಟು, ‘ನಾಡಿಯಲ್ಲೇ ಗೊತ್ತಾಗುತ್ತದೆ’ ಅಂದರೆ ಅವ್ವನನ್ನು ಎಬ್ಬಿಸಿಕೊಂಡು ಬನ್ನಿ.

ದಾರಿಯ ಲೆಕ್ಕವನ್ನೂ ಹಾಕಿ. ಶಹಾಪುರದಿಂದ ಜೇವರ್ಗಿ, ಭೀಮಾ ಸೇತುವೆ ದಾಟಿ ಕಲಬುರಗಿಗೆ ವಾರಕ್ಕೆ ಎರಡು ಸಲ ಬಸ್ಸು. ಬೆನ್ನೆಲುಬು ಪೊಳ್ಳಾಗಿರುವ ಮನುಷ್ಯರಿಗೆ ಆ ಕುಲುಕಾಟವೇ ಸೂಜಿ ಕೊಟ್ಟ ಸುಖವನ್ನು ಕಿತ್ತುಕೊಳ್ಳಬಹುದು. ಮೊದಲು ಕರೆಂಟು ಮುಗಿಯಲಿ, ಟೊಂಕ ಸ್ವಲ್ಪ ಹದಕ್ಕೆ ಬರಲಿ. ಆಮೇಲೆ ನಾಲ್ಕಾರು ಸಲ ನೋಡಿ, ಬೆರಳು ಸಡಿಲ ಆಗದಿದ್ದರೆ ಹಟ ಹಿಡಿಯದೆ ಬಿಟ್ಟುಬಿಡಿ.

ಹೋಗಿ ಬರಲು ಆಗುವುದೇ ಇಲ್ಲವೇ? ಹಾಗಾದರೆ ಇದನ್ನು ಕೇಳಿ. 2023ರಲ್ಲಿ ಇನ್ನೊಂದು ಅಧ್ಯಯನ ಬಂತು. ರೋಗ ಮುಂದುವರಿದ 298 ಜನರಲ್ಲಿ ಕೆಲವರಿಗೆ ಅಕ್ಯುಪಂಕ್ಚರ್, ಉಳಿದವರಿಗೆ ಮಸಾಜ್ ಕೊಟ್ಟರು. ಎರಡೂ ಗುಂಪಿಗೆ ನೋವು ಇಳಿಯಿತು, ಒಂದು ಇನ್ನೊಂದಕ್ಕಿಂತ ಮೇಲು ಎಂದು ಕಾಣಲಿಲ್ಲ. ಅಲ್ಲಿ ಮಸಾಜ್ ಮಾಡಿದವರು ತರಬೇತಿ ಪಡೆದವರು, ನಿಜ. ಆದರೂ ಸಂಜೆ ಹೊತ್ತು ನೀವೇ ಕೂತು, ಎಡಗೈ, ಪಾದ, ನೆತ್ತಿಗೆ ಬೆಚ್ಚಗಿನ ಕುಸುಬೆ ಎಣ್ಣೆ ಹಚ್ಚಿ ಮೆಲ್ಲಗೆ ಸವರಿದರೆ ಕಳೆದುಕೊಳ್ಳುವುದೇನೂ ಇಲ್ಲ. ಎಣ್ಣೆಯ ಬಿಸಿಯನ್ನು ನಿಮ್ಮ ಕೈಯಲ್ಲೇ ನೋಡಿ ಹಚ್ಚಿ, ಅವರ ಪಾದಕ್ಕೆ ತಿಳಿಯುವುದಿಲ್ಲ. ಟೊಂಕ, ಚಪ್ಪೆ, ಬಲಗೈ ಮುಟ್ಟಬೇಡಿ.

ನಿಮ್ಮ ಪತ್ರದಲ್ಲಿ ಅಣ್ಣ ಏನಂದರು, ಮಾವ ಏನಂದರು, ಪಕ್ಕದ ಮನೆಯವರು ಏನಂದರು ಎಲ್ಲ ಇದೆ. ಅವ್ವ ಏನಂದರು ಅಂತ ಎಲ್ಲೂ ಇಲ್ಲ. ಎಲುಬಿಗೆ ಹರಡಿದ್ದು ಅವರಿಗೆ ಗೊತ್ತಾ? ಎಷ್ಟೋ ಮನೆಗಳಲ್ಲಿ ಹೇಳಿರುವುದಿಲ್ಲ, ರಾತ್ರಿ ನೋವಿಗಿಂತ ‘ನನಗೇನಾಗಿದೆ’ ಅನ್ನುವ ಚಿಂತೆಯೇ ನಿದ್ದೆ ಬಿಡಿಸುತ್ತದೆ. ಆ ಮಾತು ಹೇಗೆ ಶುರು ಮಾಡಬೇಕು ತಿಳಿಯದಿದ್ದರೆ ನಿಮ್ಮ ಡಾಕ್ಟರನ್ನೇ ಕೇಳಿ, ಜೊತೆಗೆ ಕೂತು ಹೇಳುತ್ತಾರೆ.

ಇವತ್ತೇ ನೂರು ಪುಟದ ಒಂದು ನೋಟ್‌ಬುಕ್ ತೆಗೆದುಕೊಳ್ಳಿ. ದಿನಕ್ಕೆ ಮೂರು ಸಲ ಅವ್ವನನ್ನು ಕೇಳಿ ಬರೆಯಿರಿ. ಯಾವ ನೋವು, ರೂಪಾಯಿಗೆ ಎಷ್ಟಾಣೆ. ಹತ್ತರ ಅಂಕಿ ನಮ್ಮ ತಾಯಂದಿರಿಗೆ ಒಗ್ಗುವುದಿಲ್ಲ, ಹದಿನಾರು ಆಣೆಯ ಲೆಕ್ಕ ಈಗಲೂ ಬಾಯಲ್ಲಿದೆ. ನಾಲ್ಕು ನೋವಿಗೆ ನಾಲ್ಕು ಸಾಲು ಇರಲಿ. ರಾತ್ರಿ ಎಷ್ಟು ಸಲ ಎದ್ದರು, ಎಷ್ಟು ಗುಳಿಗೆ ಹೋಯಿತು, ಹೊಟ್ಟೆ ಸಾಫ್ ಆಯಿತಾ, ಇಷ್ಟು ಸಾಕು. ಮುಂದಿನ ಸಲ ಡಾಕ್ಟರ ಹತ್ತಿರ ಹೋಗುವಾಗ ಅದನ್ನೂ, ಸ್ಕ್ಯಾನ್ ರಿಪೋರ್ಟನ್ನೂ, ನಿಮ್ಮ ಅಣ್ಣನನ್ನೂ ಕರೆದುಕೊಂಡು ಹೋಗಿ. ಮಾರ್ಫಿನ್ ಬಗ್ಗೆ ಅವರ ಅನುಮಾನ ಏನಿದೆಯೋ ಅವರೇ ಡಾಕ್ಟರಿಗೆ ಕೇಳಲಿ.